ಎಂಜಿನ್ ಇನ್ನೂ ಸ್ಟ್ಯಾಂಡ್ ಮೇಲಿರುವಾಗ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ನಿನ್ನ ನಿಸಾನ್ 240ಎಸ್‌ಎಕ್ಸ್ ಕಾರಿಗೆ ಟೊಯೋಟಾದ 1ಜೆಝಡ್ ಎಂಜಿನ್ ಕೂರಿಸುವುದು ಖಚಿತ ಅಂತ ಬರೆದಿದ್ದೀಯ. ಹಳೇ ಎಂಜಿನ್ ಇಳಿಸೋದು ಯಾವಾಗ ಅನ್ನುವುದಷ್ಟೇ ನಿನ್ನ ಪ್ರಶ್ನೆ. ಆ ದಿನವನ್ನು ಈಗಲೇ ಗೊತ್ತುಮಾಡಬೇಡ ಕಂದಾ. ಇಳಿಸೋದಕ್ಕೆ ಒಂದು ದಿನ ಸಾಕು, ಏರಿಸೋದಕ್ಕೆ ಇನ್ನೊಂದು ದಿನ. ಇವೆರಡರ ನಡುವೆ ಒಂದು ಹೋಸ್‌ಗೋ ಒಂದು ಬ್ರಾಕೆಟ್‌ಗೋ ಕಾಯುತ್ತಾ ಕಾರು ತಿಂಗಳುಗಟ್ಟಲೆ ಸ್ಟ್ಯಾಂಡ್ ಮೇಲೆ ನಿಂತುಬಿಡುತ್ತದೆ. ಹೊಸ ಎಂಜಿನ್ ಕೆಳಗಿರುವಾಗ ಮುಗಿಯಬೇಕಾದ ಕೆಲಸ ಮುಗಿಯಲಿ. ಅಲ್ಲಿಯವರೆಗೆ ಕಾರಿನ ಹಳೇ ಎಂಜಿನ್, ಕೆಎ24ಡಿಇ, ತನ್ನ ಜಾಗದಲ್ಲೇ ಇರಲಿ.

ಅದು ಅಲ್ಲಿರುವುದರಿಂದ ಇನ್ನೊಂದು ಲಾಭವಿದೆ. ಕಾರು ನಾಲ್ಕು ಚಕ್ರದ ಮೇಲೆ, ನೀನು ಓಡಿಸುವ ಎತ್ತರದಲ್ಲಿ ನಿಂತಿರುವಾಗ ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್‌ನ ಫ್ಲೇಂಜಿನ ಕೋನ, ಗೇರ್‌ಬಾಕ್ಸಿನ ಹಿಂಬದಿಯ ಕೋನ, ಗೇರ್ ಲಿವರ್ ಮೇಲೆ ಬರುವ ಜಾಗ, ಬಾನೆಟ್‌ಗೂ ಎಂಜಿನ್ ತಲೆಗೂ ಇರುವ ಅಂತರ, ಎಂಜಿನ್ ತಳದ ಆಯಿಲ್ ತಟ್ಟೆ, ಅಂದರೆ ಸಂಪ್‌ನಿಂದ ನೆಲಕ್ಕಿರುವ ಎತ್ತರ, ಎಲ್ಲವನ್ನೂ ಅಳೆದು ಬರೆದಿಡು. ಬಾನೆಟ್ ಅಂತರಕ್ಕೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆರೆದರೆ ಸಾಕು, ಉಳಿದ ದಪ್ಪವೇ ಲೆಕ್ಕ. ಫೋಟೋಗಳನ್ನು ಅತಿಯಾಯಿತು ಅನ್ನಿಸುವಷ್ಟು ತೆಗಿ.

ಇನ್ನು ಕೊಳ್ಳುವ ಎಂಜಿನ್. 1ಜೆಝಡ್-ಜಿಟಿಇ ಅಂದರೆ 2,492 ಸಿಸಿ, ಬೋರ್ 86 ಮಿಮೀ, ಸ್ಟ್ರೋಕ್ 71.5 ಮಿಮೀ. ಮೊದಲ ತಲೆಮಾರಿನದರಲ್ಲಿ ಎರಡು ಪುಟ್ಟ ಸಿಟಿ12ಎ ಟರ್ಬೋ, 1996ರಲ್ಲಿ ಬಂದ ವಿವಿಟಿ-ಐನಲ್ಲಿ (ವಾಲ್ವ್ ತೆರೆಯುವ ಹೊತ್ತನ್ನು ತಾನೇ ಬದಲಿಸಿಕೊಳ್ಳುವ ಬಗೆ) ಒಂದೇ ಸಿಟಿ15ಬಿ. ಕಾಗದದ ಮೇಲೆ ಎರಡೂ 280 ಪಿಎಸ್ (ಅಶ್ವಶಕ್ತಿ). ಹಳೆಯದರ ಟರ್ಬೋಗಳಲ್ಲಿ ಟರ್ಬೈನ್ ಚಕ್ರ ಸೆರಾಮಿಕ್; ಟರ್ಬೋ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್ ಏರಿಸುತ್ತಾ ಹೋದರೆ ಒಂದು ದಿನ ಚೂರಾಗಿ ಸೈಲೆನ್ಸರ್ ದಾರಿ ಹಿಡಿಯುತ್ತದೆ. ನೀನು ಹುಡುಕಬೇಕಾದ್ದು ವಿವಿಟಿ-ಐ. ಅದರ ಬಲ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ, ಕಾರನ್ನು ಬೇಕೆಂದೇ ಅಡ್ಡ ಜಾರಿಸುವ ನಿನ್ನ ಡ್ರಿಫ್ಟ್‌ಗೆ ಬೇಕಾದ್ದು ಅದೇ.

ಮಾರುವವನು ಸ್ಟಾರ್ಟ್ ಮಾಡಿ ತೋರಿಸಿದರೂ ನಂಬಬೇಡ. ಆರೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಇಂಧನ ಮತ್ತು ಕಾಯಿಲ್ ಕಳಚಿ, ಚಾರ್ಜ್ ತುಂಬಿದ ಬ್ಯಾಟರಿಯಲ್ಲಿ ಕಂಪ್ರೆಷನ್ ನೋಡು. ಸಿಲಿಂಡರುಗಳ ನಡುವೆ ಶೇ. 10ರೊಳಗಿನ ವ್ಯತ್ಯಾಸ ಒಳ್ಳೆಯದು. ಶೇ. 15 ದಾಟಿತೋ, ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡು: ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಇದಕ್ಕಿಂತ ಲೀಕ್‌ಡೌನ್ ಪರೀಕ್ಷೆಯ ಮೇಲೆ ನನಗೆ ಭರವಸೆ ಹೆಚ್ಚು. ಪಿಸ್ಟನ್ ಮೇಲ್ತುದಿಯಲ್ಲಿ ನಿಲ್ಲಿಸಿ ಗಾಳಿ ಬಿಟ್ಟು ಕಿವಿಗೊಡು. ಥ್ರಾಟಲ್‌ನಲ್ಲಿ ಬುಸ್ ಅಂದರೆ ಇನ್‌ಟೇಕ್ ವಾಲ್ವ್, ಎಕ್ಸಾಸ್ಟ್‌ನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಅಂದರೆ ರಿಂಗ್, ಕೂಲಂಟ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ಸೋರಿಕೆ ಶೇ. 10ರೊಳಗಿದ್ದರೆ ಸಂತೋಷ, 20 ದಾಟಿದರೆ ಎಂಜಿನ್ ಬಿಚ್ಚಲು ಸಿದ್ಧಳಾಗು, ಇಲ್ಲವೇ ಬೇರೆ ಹುಡುಕು. ಫೈರಿಂಗ್ ಕ್ರಮ 1-5-3-6-2-4. ಒಂದನೆಯದು ಮುಗಿದ ಮೇಲೆ ಕ್ರ್ಯಾಂಕನ್ನು 120 ಡಿಗ್ರಿ ತಿರುಗಿಸಿದರೆ ಐದನೆಯದು ಮೇಲೆ ಬರುತ್ತದೆ, ಹೀಗೇ ಎರಡು ಸುತ್ತಿನಲ್ಲಿ ಆರೂ ಮುಗಿಯುತ್ತವೆ. ಆಯಿಲ್ ಫಿಲ್ಟರ್ ಕೊಯ್ದು ಅದರ ಕಾಗದವನ್ನು ಬಿಸಿಲಿಗೆ ಹಿಡಿ. ಮಿಣುಕು ಕಂಡರೆ ಬೇರಿಂಗ್ ನೋಡದೆ ಮುಂದೆ ಹೋಗಬೇಡ.

ಈಗ ಸ್ಟ್ಯಾಂಡ್ ಮೇಲಿನ ಕೆಲಸ. ಕ್ರ್ಯಾಂಕಿನ ಮುಂದಿನ ಸೀಲ್, ಹಿಂದಿನ ದೊಡ್ಡ ಸೀಲ್, ಕ್ಯಾಮ್ ಸೀಲ್‌ಗಳು, ಟೈಮಿಂಗ್ ಬೆಲ್ಟ್, ಟೆನ್ಷನರ್, ಐಡ್ಲರ್, ವಾಟರ್ ಪಂಪ್, ಥರ್ಮೋಸ್ಟಾಟ್, ವಾಲ್ವ್ ಕವರ್ ಗ್ಯಾಸ್ಕೆಟ್, ಇಷ್ಟನ್ನೂ ಬದಲಿಸು. ಹೈಡ್ರಾಲಿಕ್ ಟೆನ್ಷನರನ್ನು ವೈಸ್‌ನಲ್ಲಿ ನಿಲ್ಲಿಸಿಟ್ಟು ನಿಧಾನ ಒತ್ತಿ ಪಿನ್ ಹಾಕು. ಅವಸರಪಟ್ಟರೆ ಒಳಗಿನ ಸೀಲ್ ಹೋಗುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನ ನೀರಿನ ಹೋಸ್‌ಗಳನ್ನೂ ನಾಕ್ ಸೆನ್ಸರ್ ವೈರುಗಳನ್ನೂ ಮರೆಯಬೇಡ. ಎಂಜಿನ್ ಕಾರಿನೊಳಗೆ ಕೂತ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ಮುಂದಿನ ಕ್ರ್ಯಾಂಕ್ ಪುಲ್ಲಿಯ ಒಳವೃತ್ತ, ಹೊರವೃತ್ತ ಎರಡಕ್ಕೂ ಅಡ್ಡವಾಗಿ ಬಣ್ಣದ ಗೆರೆ ಎಳೆ. ಅವುಗಳ ನಡುವಿನ ರಬ್ಬರ್ ಹಳತಾಗಿ ಬಿಟ್ಟರೆ ಹೊರವೃತ್ತ ಜಾರುತ್ತದೆ, ಕೆಲವೊಮ್ಮೆ ಹಿಂದಕ್ಕೆ ಸರಿದು ಬೆಲ್ಟ್ ಕವರನ್ನೇ ಉಜ್ಜುತ್ತದೆ. ಗೆರೆ ಒಡೆದದ್ದು ಕಂಡ ದಿನ ಪುಲ್ಲಿ ಬದಲಿಸು.

ಆಟೋಮ್ಯಾಟಿಕ್ ಕಾರಿನಿಂದ ಬಂದ ಎಂಜಿನ್ ಆದರೆ ಮೂರು ಮೋಸಗಳಿವೆ. ಕ್ರ್ಯಾಂಕಿನ ತುದಿಯಲ್ಲಿ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ಹಿಡಿಯುವ ಪೈಲಟ್ ಬೇರಿಂಗ್ ಇರುವುದಿಲ್ಲ. ಫ್ಲೆಕ್ಸ್‌ಪ್ಲೇಟ್ ಬೋಲ್ಟುಗಳು ಫ್ಲೈವೀಲಿಗೆ ಗಿಡ್ಡ. ಅವನ್ನೇ ಹಾಕಿದರೆ ಥ್ರೆಡ್ ಪೂರ್ತಿ ಹಿಡಿಯದೆ ಒಂದು ದಿನ ಕಿತ್ತು ಬರುತ್ತವೆ. ಎಂಜಿನ್ ನಡೆಸುವ ಕಂಪ್ಯೂಟರ್, ಇಸಿಯು, ಕೂಡ ಆಟೋ ಗೇರ್‌ಬಾಕ್ಸಿನ ಸಿಗ್ನಲ್ ಹುಡುಕುತ್ತಾ ಕೂರುತ್ತದೆ. ಗೇರ್‌ಬಾಕ್ಸಿನ ಮುಂದಿನ ಕವಚ, ಬೆಲ್ ಹೌಸಿಂಗ್, ಸರಿ ಜಾಗಕ್ಕೆ ಕೂರಿಸುವ ಎರಡು ಡೌಲ್ ಪಿನ್ನುಗಳು ಬ್ಲಾಕಿನಲ್ಲಿ ಇವೆಯೇ ಅಂತ ಕೈಯಿಂದ ಮುಟ್ಟಿ ನೋಡು. ಸಣ್ಣ ವಸ್ತು, ಆದರೆ ಅವಿಲ್ಲದೆ ಬರೀ ಬೋಲ್ಟ್ ಬಿಗಿದರೆ ಗೇರ್‌ಬಾಕ್ಸ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು, ಪೈಲಟ್ ಬೇರಿಂಗನ್ನೂ ಇನ್‌ಪುಟ್ ಶಾಫ್ಟನ್ನೂ ತಿನ್ನುತ್ತದೆ. ಬೇರೆ ಗೇರ್‌ಬಾಕ್ಸ್ ಜೋಡಿಸಲು ಅಡಾಪ್ಟರ್ ಪ್ಲೇಟ್ ಹಾಕುವ ಸಂದರ್ಭ ಬಂದರೆ ಡಯಲ್ ಗೇಜನ್ನು ಫ್ಲೈವೀಲಿಗೆ ಕಟ್ಟಿ ಬೆಲ್ ಹೌಸಿಂಗಿನ ರಂಧ್ರದ ಸುತ್ತ ತಿರುಗಿಸು. ಒಟ್ಟು ಓಲಾಟ 0.13 ಮಿಮೀ ಮೀರಬಾರದು.

ಟೊಯೋಟಾದ್ದೇ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಆರ್154 ಸಿಕ್ಕರೆ ಅಡಾಪ್ಟರ್ ಬೇಡ. ಅದು ಗಟ್ಟಿಮುಟ್ಟೇ, ಆದರೆ ಮೊದಲ ಗೇರಿನ ಥ್ರಸ್ಟ್ ವಾಷರ್ ಮತ್ತು ಕೌಂಟರ್‌ಶಾಫ್ಟ್ ಹಿಡಿದಿಡುವ ಪ್ಲೇಟ್ ಅದರ ದುರ್ಬಲ ಜಾಗ. ಬಾಕ್ಸ್ ಬಿಚ್ಚಿದ್ದಾಗಲೇ ಗಟ್ಟಿ ಉಕ್ಕಿನವನ್ನು ಹಾಕು. ಕ್ಲಚ್ ಎಳೆಯುವ ಬಗೆಯದೋ ತಳ್ಳುವ ಬಗೆಯದೋ ಖಾತ್ರಿ ಮಾಡಿಕೋ. ಪ್ರೆಷರ್ ಪ್ಲೇಟ್, ಫೋರ್ಕ್, ರಿಲೀಸ್ ಬೇರಿಂಗ್ ಮೂರೂ ಒಂದೇ ಬಗೆಯವಿರಬೇಕು. ಕಲಬೆರಕೆಯಾದರೆ ಪೆಡಲ್ ಒತ್ತಿದರೂ ಕ್ಲಚ್ ಬಿಡುವುದಿಲ್ಲ.

ಗೇರಿನ ಲೆಕ್ಕವನ್ನೂ ಈಗಲೇ ಮಾಡು. ಆರ್154ರಲ್ಲಿ ಎರಡನೇ ಗೇರಿನ ಅನುಪಾತ 1.955, ಮೂರನೆಯದರದು 1.310. ನಿನ್ನ ಕಾರಿನ ಡಿಫರೆನ್ಶಿಯಲಿನ ಅನುಪಾತ 4.083. ಟಯರಿನ ಸುತ್ತಳತೆ 1.95 ಮೀಟರ್ ಅಂದುಕೊಂಡರೆ 7,000 ಆರ್‌ಪಿಎಂನಲ್ಲಿ ಎರಡನೇ ಗೇರ್ ಗಂಟೆಗೆ ಸುಮಾರು 103 ಕಿಮೀಗೆ ಮುಗಿಯುತ್ತದೆ, ಮೂರನೆಯದು 153ಕ್ಕೆ. ಇದು ಹಿಂದಿನ ಚಕ್ರದ ವೇಗ, ಕಾರಿನದಲ್ಲ. ಅಡ್ಡ ಜಾರುವಾಗ ಚಕ್ರ ಕಾರಿಗಿಂತ ತುಂಬ ಮುಂದಿರುತ್ತದೆ. ಸಣ್ಣ ಟ್ರ್ಯಾಕಿನಲ್ಲಿ ಕಲಿಯುವವಳಿಗೆ ಮೂರನೇ ಗೇರೊಂದರಲ್ಲೇ ಇಡೀ ಸುತ್ತು ಮುಗಿಯುವುದು ವರವೇ. ಡಿಫರೆನ್ಶಿಯಲನ್ನು 3.69ಕ್ಕೆ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ಸದ್ಯ ಕಿವಿಗೆ ಹಾಕಿಕೊಳ್ಳಬೇಡ: ಮೂರನೆಯದು 169ಕ್ಕೆ ಹೋಗುತ್ತದೆ, ಚಕ್ರ ತಿರುಗಿಸಲು ಎಂಜಿನ್ ಇನ್ನಷ್ಟು ಏದುಸಿರು ಬಿಡಬೇಕಾಗುತ್ತದೆ.

ಕೂರಿಸುವ ಜಾಗದ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಖಾಲಿ ಬ್ಲಾಕ್, ಸಂಪ್, ಗೇರ್‌ಬಾಕ್ಸ್ ಇಷ್ಟನ್ನೇ ಜೋಡಿಸಿ ಮೊದಲು ಸುಳ್ಳು ಸುಳ್ಳೇ ಕೂರಿಸಿ ನೋಡು. ಸಂಪ್‌ನ ಆಳದ ಭಾಗ ಎಂಜಿನ್ ಕೆಳಗಿನ ಅಡ್ಡ ತೊಲೆಯ (ಕ್ರಾಸ್‌ಮೆಂಬರಿನ) ಹಿಂದೆ ಬರಬೇಕು, ಆದರೆ ಅದಕ್ಕಿಂತ ಕೆಳಗೆ ಜೋತುಬೀಳಬಾರದು. ಜೋತುಬಿದ್ದರೆ ಟ್ರ್ಯಾಕ್ ಅಂಚಿನ ದಿಂಡು ಮೊದಲು ಬಡಿಯುವುದು ಅದಕ್ಕೇ. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡು. ಮುಂದಿನ ಚಕ್ರ ಹೆಚ್ಚು ತಿರುಗಲೆಂದು ನೀನು ಹಾಕಿರುವ ಸ್ಟೇರಿಂಗ್ ನಕಲ್‌ಗಳಿಂದ ಚಕ್ರ ತಿರುಗಿಸುವ ಸರಳು, ಟೈ ರಾಡ್, ಎಲ್ಲೆಲ್ಲಿಗೋ ಹೋಗುತ್ತದೆ. ಜೆಝಡ್‌ನ ಟರ್ಬೋ ಬಲಗಡೆ, ನಿನ್ನದು ಎಡ ಸ್ಟೇರಿಂಗಿನ ಕಾರು, ಹಾಗಾಗಿ ಬಚಾವಾದೆ. ನಿನ್ನ ಕಾರಿನ ಜಪಾನಿ ರೂಪವಾದ ಬಲ ಸ್ಟೇರಿಂಗಿನ ಸಿಲ್ವಿಯಾದಲ್ಲಿ ಟರ್ಬೋವೂ ಸ್ಟೇರಿಂಗ್ ಶಾಫ್ಟೂ ಒಂದೇ ಕಡೆ ಜಗಳವಾಡುತ್ತವೆ. ನಿನಗೆ ಇನ್‌ಟೇಕ್ ಕಡೆ ಬ್ರೇಕ್ ಬೂಸ್ಟರ್ ಮತ್ತು ಕ್ಲಚ್ ಮಾಸ್ಟರ್ ಸಿಲಿಂಡರ್ ಅಡ್ಡ ಬರುತ್ತವೆ, ಅಲ್ಲಿ ಅಳೆ. ರಬ್ಬರ್ ಮೌಂಟ್ ಮೇಲೆ ಎಂಜಿನ್ ಹೊರಳುತ್ತದೆ. ಸುತ್ತ ಎಲ್ಲೂ 20 ಮಿಮೀಗಿಂತ ಕಡಿಮೆ ಅಂತರ ಬಿಡಬೇಡ. ಬಿಸಿ ಕೊಳವೆ ಬ್ರೇಕ್ ಪೈಪಿನ ಹತ್ತಿರ ಹೋದರೆ ಅಂತರದ ಜೊತೆಗೆ ತಗಡಿನ ಮರೆಯೂ ಬೇಕು.

ಎಂಜಿನ್ ಹಿಂದಕ್ಕೆ ಸುಮಾರು 3 ಡಿಗ್ರಿ ಬಾಗಿರುವುದು ಸಾಮಾನ್ಯ. ಗೇರ್‌ಬಾಕ್ಸಿನ ಹಿಂದಿನ ರೇಖೆಯೂ ಡಿಫರೆನ್ಶಿಯಲಿನ ಮುಂದಿನ ರೇಖೆಯೂ ಒಂದಕ್ಕೊಂದು ಸಮಾಂತರ ಇರಬೇಕು, 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಇವೆರಡನ್ನೂ ಸೇರಿಸುವ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳ ಕೋನ 1ರಿಂದ 3 ಡಿಗ್ರಿ. ಪೂರ್ತಿ ನೇರ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ ಅಂತ ಕೇಳುತ್ತೀಯ; ಅಲ್ಲ, ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಕೂತು ಗುಳಿ ಮಾಡಿಕೊಳ್ಳುತ್ತವೆ. ಕೋನ ಸರಿಬಂದ ಮೇಲಷ್ಟೇ ಮೌಂಟುಗಳಿಗೆ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕು. ಎಂಜಿನ್ ಇಳಿಸಿ ಮತ್ತೊಮ್ಮೆ ಕೂರಿಸಿ ನೋಡಿ, ಆಮೇಲೆ ಪೂರ್ತಿ ವೆಲ್ಡ್ ಮಾಡು. ವೆಲ್ಡಿಂಗಿಗೆ ಮೊದಲು ಬ್ಯಾಟರಿ, ಇಸಿಯು ಎರಡನ್ನೂ ಬಿಚ್ಚು. ಅರ್ತ್ ಕ್ಲಾಂಪ್ ವೆಲ್ಡಿನ ಪಕ್ಕದಲ್ಲೇ ಇರಲಿ, ಇಲ್ಲವಾದರೆ ಕರೆಂಟ್ ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆ.

ಕ್ರೇನಿನ ಬಗ್ಗೆ ಒಂದೇ ಮಾತು. ಒಂದು ಟನ್ ಅಂತ ಬರೆದಿರುವುದು ತೋಳು ಒಳಗಿರುವಾಗಿನ ಲೆಕ್ಕ. ತೋಳು ಚಾಚಿದಂತೆ ಅದರ ಶಕ್ತಿ ಅರ್ಧಕ್ಕೂ ಕಾಲಿಗೂ ಇಳಿಯುತ್ತದೆ, ಗೇರ್‌ಬಾಕ್ಸ್ ಸಮೇತ ಎತ್ತುವಾಗ ನಿನಗೆ ಬೇಕಾದ್ದು ಚಾಚಿದ ತೋಳೇ. ತೋಳಿನ ಮೇಲಿನ ಆ ಅಂಕಿ ಓದಿ ಎತ್ತು. ತೂಗುತ್ತಿರುವ ಎಂಜಿನ್ ಕೆಳಗೆ ಕೈಯೂ ಹೋಗಬಾರದು.

ಡ್ರಿಫ್ಟ್‌ನಲ್ಲಿ ಆಯಿಲ್ ಒಂದು ಬದಿಗೆ ಏರಿ ಅಲ್ಲೇ ನಿಲ್ಲುತ್ತದೆ. ಆಯಿಲ್ ಹೀರುವ ಕೊಳವೆ, ಪಿಕಪ್, ಗಾಳಿ ಎಳೆದರೆ ಬೇರಿಂಗ್ ಹೋಗಲು ಹೆಚ್ಚು ಹೊತ್ತು ಬೇಡ. ಸಂಪ್ ಒಳಗೆ ಬಾಗಿಲಿರುವ ತಡೆಗೋಡೆ ಹಾಕಿಸು. ಪಿಕಪ್‌ಗೂ ತಳಕ್ಕೂ ಇರುವ ಅಂತರ ಮೂಲದಲ್ಲಿ ಇದ್ದಷ್ಟೇ ಉಳಿಯಲಿ. ಬಿಸಿ ಎಂಜಿನಿನಲ್ಲಿ ಪ್ರತಿ 1,000 ಆರ್‌ಪಿಎಂಗೆ ಸುಮಾರು 0.7 ಬಾರ್ ಒತ್ತಡ ಬರಬೇಕು ಅನ್ನುವುದು ಒರಟು ಅಂದಾಜು. ಮೀಟರಿನ ಜೊತೆಗೆ ಕಣ್ಣಿಗೆ ಹೊಡೆಯುವ ಕೆಂಪು ದೀಪವೂ ಇರಲಿ, ಅಡ್ಡ ಜಾರುವಾಗ ಯಾರೂ ಮೀಟರ್ ಓದುವುದಿಲ್ಲ. ವಾಲ್ವ್ ಕವರ್ ಉಸಿರಿನ ಕೊಳವೆಗಳು ಆಯಿಲ್ ಆವಿ ಹಿಡಿದಿಡುವ ಕ್ಯಾಚ್ ಟ್ಯಾಂಕಿಗೆ ಹೋಗಲಿ, ಟ್ರ್ಯಾಕಿನ ತಪಾಸಣೆಯವರು ಅದನ್ನು ಕೇಳುತ್ತಾರೆ.

ಪೆಟ್ರೋಲಿನ ಲೆಕ್ಕ ಸರಳ. ಟರ್ಬೋ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಕುಡಿಯುತ್ತದೆ. 300 ಅಶ್ವಶಕ್ತಿಗೆ 81 ಕಿಲೋ, ಅಂದರೆ ಸುಮಾರು 110 ಲೀಟರ್. ಮೂಲದ ಇಂಜೆಕ್ಟರ್ ನಿಮಿಷಕ್ಕೆ ಸುಮಾರು 380 ಸಿಸಿ. ಆರಕ್ಕೆ ಗಂಟೆಗೆ 137 ಲೀಟರ್, ಅದರ ಶೇ. 80 ಬಳಸಿದರೆ 109. ಲೆಕ್ಕ ಅಲ್ಲಿಗೆ ಮುಗಿಯಿತು. ಹೆಚ್ಚು ಬೂಸ್ಟ್ ಬೇಕಾದರೆ ಮೊದಲು ದೊಡ್ಡ ಇಂಜೆಕ್ಟರ್. ಗಂಟೆಗೆ 255 ಲೀಟರಿನ ಪಂಪ್ ಧಾರಾಳ ಸಾಕು, ಆದರೆ ಅದಕ್ಕೆ ಬ್ಯಾಟರಿಯಿಂದ ನೇರ ದಪ್ಪ ವೈರು ಮತ್ತು ರಿಲೇ ಕೊಡು. ಹಳೇ ಸಣ್ಣ ವೈರಿನಲ್ಲಿ ವೋಲ್ಟೇಜ್ ಇಳಿದರೆ ಪಂಪಿನ ಹರಿವೂ ಇಳಿಯುತ್ತದೆ, ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕರಗುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಾಗ ತಿರುವಿನಲ್ಲಿ ಎಂಜಿನ್ ಮುಕ್ಕರಿಸಿದರೆ ಪಂಪ್ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಸದಾ ಪೆಟ್ರೋಲ್ ತುಂಬಿಕೊಂಡಿರುವ ಎರಡು ಲೀಟರಿನ ಪುಟ್ಟ ಟ್ಯಾಂಕ್, ಸರ್ಜ್ ಟ್ಯಾಂಕ್, ಅದಕ್ಕೆ ಮದ್ದು.

ರೇಡಿಯೇಟರ್ ದೊಡ್ಡದಿದ್ದರೆ ಸಾಲದು. ಕಾರು ಅಡ್ಡ ಹೋಗುವಾಗ ಎದುರುಗಾಳಿ ನೇರ ಬರುವುದಿಲ್ಲ, ವೇಗವೂ ಕಡಿಮೆ, ಆರ್‌ಪಿಎಂ ಮಾತ್ರ ಮೇಲೆ. ಫ್ಯಾನಿನ ಸುತ್ತ ಪೂರ್ತಿ ಕವಚ (ಶ್ರೌಡ್) ಹಾಕು, ಬಂಪರಿನಿಂದ ರೇಡಿಯೇಟರಿನವರೆಗೆ ಪಕ್ಕಗಳನ್ನು ತಗಡಿನಿಂದ ಮುಚ್ಚು. ಪವರ್ ಸ್ಟೇರಿಂಗಿಗೂ ಒಂದು ಸಣ್ಣ ಕೂಲರ್ ಬೇಕು. ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಳೆದಾಡುವಾಗ ಆ ಆಯಿಲ್ ಕುದ್ದು ನೊರೆಯಾಗಿ ಉಕ್ಕುತ್ತದೆ, ಬೀಳುವುದು ಬಿಸಿ ಎಕ್ಸಾಸ್ಟ್ ಮೇಲಾದರೆ ಬೆಂಕಿಯೇ.

ವೈರಿಂಗ್ ಅನ್ನು ಕಾರಿನೊಳಗೆ ಬಗ್ಗಿ ಕೂತು ಮಾಡಬೇಡ, ಮೇಜಿನ ಮೇಲೆ ಮಾಡು. ಬಿಸಿಗೆ ಒಣಗಿದ ಕಾಯಿಲ್ ಕನೆಕ್ಟರುಗಳು ಮುಟ್ಟಿದರೆ ಪುಡಿಯಾಗುತ್ತವೆ, ಆರನ್ನೂ ಹೊಸದು ತರಿಸು. ನಡುಗುವ ಜಾಗದಲ್ಲಿ ಬೆಸುಗೆ ಬೇಡ, ಸರಿಯಾದ ಕ್ರಿಂಪ್ ಮಾಡು. ಬೆಸುಗೆಯ ಅಂಚಿನಲ್ಲಿ ವೈರು ಬಿರುಸಾಗಿ ಮುರಿಯುತ್ತದೆ. ಅರ್ತಿಂಗ್ ಮೂರು: ಬ್ಯಾಟರಿಯಿಂದ ಬ್ಲಾಕಿಗೆ, ಬ್ಲಾಕಿನಿಂದ ಕಾರಿನ ಮೈಗೆ, ಹೆಡ್‌ನಿಂದ ಇಸಿಯು ಅರ್ತಿಗೆ. ಬಣ್ಣ ಕೆರೆದು ಬಿಗಿ. ಸ್ಟಾರ್ಟರ್ ತಿರುಗುವಾಗ ಬ್ಲಾಕಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಸೆನ್ಸರುಗಳನ್ನು ಅನುಮಾನಿಸಬೇಡ, ಅರ್ತ್ ಕೆಟ್ಟಿದೆ.

ಮೊದಲ ಸ್ಟಾರ್ಟಿಗೆ ಮುಂಚೆ ಕಾಯಿಲ್ ಮತ್ತು ಪಂಪ್ ರಿಲೇ ಕಳಚಿ, ಟರ್ಬೋ ಆಯಿಲ್ ದಾರಿಗೆ ಸ್ವಲ್ಪ ಆಯಿಲ್ ಹನಿಸಿ, ಹತ್ತು ಹತ್ತು ಸೆಕೆಂಡು ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸು, ಆಯಿಲ್ ಒತ್ತಡ ಏಳುವವರೆಗೆ. ಆಮೇಲೆ ಪಂಪ್ ಮಾತ್ರ ಓಡಿಸಿ ಪ್ರತಿ ಕೀಲಿನಲ್ಲೂ ಪೆಟ್ರೋಲ್ ಸೋರುತ್ತದೆಯೇ ಅಂತ ಒಣ ಕಾಗದದಿಂದ ಒರೆಸಿ ನೋಡು. ಹೊಸ ಇಸಿಯು ಆದರೆ ಟೈಮಿಂಗನ್ನು ಸಾಫ್ಟ್‌ವೇರಿನಲ್ಲಿ ಒಂದೇ ಅಂಕಿಗೆ ಲಾಕ್ ಮಾಡಿ, ಪುಲ್ಲಿಯ ಮೇಲೆ ಟೈಮಿಂಗ್ ಲೈಟ್ ಹಿಡಿದು ಅದೇ ಅಂಕಿ ಬಂತೇ ನೋಡು. ಪರದೆ ಹೇಳಿದ್ದು ಸಾಕ್ಷಿಯಲ್ಲ. ಬೆಂಕಿ ಆರಿಸುವ ಸಿಲಿಂಡರ್ ಇನ್ನೊಬ್ಬರ ಕೈಯಲ್ಲಿರಲಿ, ಡಿಕ್ಕಿಯೊಳಗಲ್ಲ.

ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಕೊನೆಯ ಆರ್ಡರ್. ಮುಂದಿನ ತುದಿ ಟೊಯೋಟಾ, ಹಿಂದಿನದು ನಿಸಾನ್, ಹಾಗಾಗಿ ಹೇಗಿದ್ದರೂ ಮಾಡಿಸಲೇಬೇಕು, ಒಮ್ಮೆ ಕತ್ತರಿಸಿದರೆ ಉದ್ದ ಮಾಡಲಾಗದು. ಮೌಂಟ್ ವೆಲ್ಡ್ ಆಗಿ, ಕಾರು ಚಕ್ರದ ಮೇಲೆ ನಿಂತ ದಿನ ಗೇರ್‌ಬಾಕ್ಸಿನೊಳಗೆ ಜಾರುವ ತುದಿಯನ್ನು, ಅಂದರೆ ಸ್ಲಿಪ್ ಯೋಕನ್ನು, ಪೂರ್ತಿ ಒಳಗೆ ತಳ್ಳಿ, 20ರಿಂದ 25 ಮಿಮೀ ಹೊರಗೆಳೆದು, ಅಲ್ಲಿಂದ ಡಿಫರೆನ್ಶಿಯಲ್ ಫ್ಲೇಂಜಿನ ಮುಖದವರೆಗೆ ಅಳೆ. ಮೂರು ಸಲ ಅಳೆದು ಮೂರೂ ಅಂಕಿ, ಜೊತೆಗೆ ಎರಡೂ ಕಡೆಯ ಕೋನ ನನಗೆ ಬರೆದು ಕಳಿಸು. ನಾನು ನೋಡಿ ಹೇಳಿದ ಮೇಲೆ ಆರ್ಡರ್ ಕೊಡು.

ನಿನ್ನ
ಅಮ್ಮ