ಮುಷ್ಟಿಗಾತ್ರದ ಮಡಕೆಯ ಮೇಲೊಂದು ಕರಡಿ

ಪ್ರಿಯ ಗೆಳೆಯಾ,

ಮುಷ್ಟಿಯೊಳಗೆ ಅಡಗುವ ಮಡಕೆಗೆ ಒಂದು ತಿಂಗಳ ಮನೆ ಬಾಡಿಗೆಯಷ್ಟು ಹಣ ಸುರಿದಿದ್ದೀಯಲ್ಲ, ಅದರಲ್ಲಿ ನೀರನ್ನಾದರೂ ಇಡಬಹುದೇ ಎಂದು ನೀನು ಕೇಳಿದ್ದೆ. ಇಡುವಂತಿಲ್ಲ, ನೀರು ತಗುಲಿದರೆ ಹೊಳಪೇ ಕೆಡುತ್ತದೆ. ಇದನ್ನು ನಾನು ಕಲಿತದ್ದು, ಮೊದಲು ಕೊಂಡ ಮಡಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಹೆಗಲ ಮೇಲೆ ಇಂದಿಗೂ ಹೋಗದ ಮಂಕು ಕಲೆಯೊಂದನ್ನು ಮಾಡಿಕೊಂಡ ಮೇಲೆ.

ನಾನು ಕೂಡಿಡುತ್ತಿರುವುದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂತಾ ಕ್ಲಾರಾ ಮತ್ತು ಸಾನ್ ಇಲ್ದೆಫಾನ್ಸೋ ಎಂಬ, ಮೂಲನಿವಾಸಿ ಪ್ವೆಬ್ಲೋ ಜನರ ಊರುಗಳ, ಪ್ರಾಣಿಚಿತ್ರ ಕೊರೆದ ಮಡಕೆಗಳನ್ನು. ಅಲ್ಲಿಯ ಸಂಪ್ರದಾಯದಲ್ಲಿ ತಿಗರಿಯಿಲ್ಲ. ಸುತ್ತಲಿನ ಜೇಡಿಮಣ್ಣಿಗೆ ಜ್ವಾಲಾಮುಖಿಯ ಬೂದಿ ಬೆರೆಸಿ, ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ, ಒಣಗಿದ ಮೇಲೆ ಕೆಮ್ಮಣ್ಣಿನ ತೆಳು ಬಗ್ಗಡ ಬಳಿದು, ನುಣುಪಾದ ಹೊಳೆಗಲ್ಲಿನಿಂದ ಉಜ್ಜುತ್ತಾರೆ. ಸುಡುವಾಗ ಕುದುರೆ ಲದ್ದಿಯ ಪುಡಿ ಮುಚ್ಚಿ ಗಾಳಿಯಾಡದಂತೆ ಮಾಡಿದರೆ ಕೆಂಪು ಮಡಕೆ ಕಪ್ಪಾಗುತ್ತದೆ. ಚೂಪಾದ ಮೊನೆಯಿಂದ ಆ ಹೊಳಪಿನ ಪದರವನ್ನು ಕೂದಲೆಳೆಯಷ್ಟು ಕೆರೆದರೆ ಒಳಗಿನ ಮಾಸಲು ಮಣ್ಣು ಗೆರೆಯಾಗಿ ಮೂಡುತ್ತದೆ. ಕೈ ಜಾರಿತೋ, ಅದುವರೆಗಿನ ದುಡಿಮೆಯೆಲ್ಲ ಹೋಯಿತು.

ನನ್ನ ಮಡಕೆಯ ಮೇಲಿನ ಕರಡಿ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಬೆನ್ನಿನ ರೋಮ ಒಂದೊಂದೂ ಒಂದೊಂದು ಗೀರು. ಹೊಟ್ಟೆಯ ಬಳಿ ಗೀರುಗಳು ವಿರಳವಾಗಿ, ಕಪ್ಪು ಹಾಗೆಯೇ ಉಳಿದು, ನೆರಳಾಗಿದೆ. ಭೂತಗನ್ನಡಿ ಹಿಡಿದು ನೋಡಿದಾಗ ಮುಂಗಾಲಿನ ಹತ್ತಿರ ಮೊನೆ ಒಮ್ಮೆ ಅಳುಕಿದ್ದು ಕಂಡಿತು. ಅಂದಿನಿಂದ ಅದು ನನಗೆ ಇನ್ನಷ್ಟು ಪ್ರಿಯವಾಗಿದೆ.

ಹೀಗೆ ಪ್ರಾಣಿಚಿತ್ರ ಕೊರೆಯುವುದು ಸಂಪ್ರದಾಯವೇ ಅಲ್ಲವೆಂದು ಮೂಗು ಮುರಿಯುವ ಸಂಗ್ರಾಹಕರಿದ್ದಾರೆ. ಅವರೇ ಪೂಜಿಸುವ, ಹೊಳೆಯುವ ಕಪ್ಪಿನ ಮೇಲಿನ ಮಂಕು ಕಪ್ಪು ಚಿತ್ತಾರವನ್ನು ಸಾನ್ ಇಲ್ದೆಫಾನ್ಸೋದ ಮರಿಯಾ ಮತ್ತು ಜೂಲಿಯನ್ ಮಾರ್ಟಿನೆಜ್ ದಂಪತಿ ರೂಪಿಸಿದ್ದು 1919ರ ಆಸುಪಾಸಿನಲ್ಲಿ, ಆಗ ಅದೂ ಹೊಸದೇ. ಅವರ ಮೊಮ್ಮಗ ಟೋನಿ ಡಾ ಕೊರೆದ ಚಿತ್ರಗಳ ನಡುವೆ ಹಸಿರುನೀಲಿ ಬಣ್ಣದ ಟರ್ಕಾಯ್ಸ್ ಕಲ್ಲು ಕೂರಿಸಿದ. ಸಾಂತಾ ಕ್ಲಾರಾದ ಜೋಸೆಫ್ ಲೋನ್‌ವುಲ್ಫ್ ತನ್ನ ಪುಟ್ಟ ಮಡಕೆಗಳಿಗೆ ಪ್ರಾಣಿಗಳನ್ನು ಕರೆತಂದದ್ದು, ಅದೇ ಸೀಮೆಯಲ್ಲಿ ಸುಮಾರು ಸಾವಿರ ವರ್ಷ ಹಿಂದೆ ಬಾಳಿದ ಮಿಂಬ್ರೆಸ್ ಜನರ ಬಟ್ಟಲುಗಳಿಂದ. ಇದರಲ್ಲಿ ಹೊಸದು ಯಾವುದು, ಹಳೆಯದು ಯಾವುದು, ನೀನೇ ಹೇಳು.

ಕೊಳ್ಳುವ ಮುನ್ನ ನಾನು ತಳದ ಸಹಿಗಿಂತ ಮೊದಲು ಬಾಯೊಳಗೆ ಬೆರಳಿಟ್ಟು ನೋಡುತ್ತೇನೆ. ಅಚ್ಚಿನಲ್ಲಿ ಎರಕ ಹೊಯ್ದದ್ದಾದರೆ ಒಳಗೋಡೆ ಎಲ್ಲೆಡೆ ಒಂದೇ ಸಮ. ಕೈಯಲ್ಲಿ ಕಟ್ಟಿದ್ದರಲ್ಲಿ ಉಬ್ಬುತಗ್ಗು ಬೆರಳಿಗೆ ಸಿಗುತ್ತದೆ.

ನ್ಯೂ ಮೆಕ್ಸಿಕೋದ ಸಾಂತಾ ಫೇ ನಗರದಲ್ಲಿ 1922ರಲ್ಲಿ ಶುರುವಾದ, ಮೂಲನಿವಾಸಿ ಕಲಾವಿದರ ಸಂತೆ ಆಗಸ್ಟ್‌ನಲ್ಲಿ ನಡೆಯುತ್ತದೆ. ಕಳೆದ ಸಲ ಆಮೆಯ ಮಡಕೆಯೊಂದರ ಮುಂದೆ ಬೆಲೆ ಕೇಳಲು ಹಿಂಜರಿಯುತ್ತ ನಿಂತಿದ್ದಾಗ ಪಕ್ಕದವರು ಅದನ್ನು ಕೊಂಡೇಬಿಟ್ಟರು. ಈ ಸಲ ನೀನೂ ಬಾ, ಹಿಂದಿನಿಂದ ತಿವಿಯಲು ಒಬ್ಬರು ಬೇಕು.

ನಿನ್ನವ