ಮೂಗಿಗೆ ಸಿಗದ ಹಿಸ್ಟಮಿನ್

ಮಾನ್ಯ ಸಂಪಾದಕರೇ,

ಕಿವಿರು ಕೆಂಪಾಗಿರಬೇಕು, ಕಣ್ಣು ಹೊಳೆಯಬೇಕು, ಕೆಟ್ಟ ವಾಸನೆ ಇರಬಾರದು: ಬಂಗುಡೆ ಕೊಳ್ಳುವಾಗ ಕರಾವಳಿಯ ಮನೆಮನೆಯಲ್ಲೂ ನಡೆಯುವ ಪರೀಕ್ಷೆ ಇದು. ತಿಂದವರಲ್ಲಿ ಅಲರ್ಜಿಯಂಥ ತೊಂದರೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕದ ವಿಷಯದಲ್ಲಿ ಮಾತ್ರ ಇದನ್ನು ನಂಬುವಂತಿಲ್ಲ. ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳಲ್ಲಿ ಸಹಜವಾಗಿಯೇ ಹೇರಳವಾಗಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು, ಮಂಜುಗಡ್ಡೆ ಸಾಲದೆ ಮೀನು ಬಿಸಿಯೇರಿದಾಗ, ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಉಂಟಾದ ಮೇಲೆ ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಊಟವಾದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ ಮೈ ತುರಿಸಿದರೆ ನಾವು ‘ಮೀನಿನ ಅಲರ್ಜಿ’ ಎಂದು ಸುಮ್ಮನಾಗುತ್ತೇವೆ.

ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿದರೆ ವರದಿ ಬರುವಷ್ಟರಲ್ಲಿ ಮೀನು ಸಾರಾಗಿ ಮುಗಿದಿರುತ್ತದೆ. ಮೀನು ಇಳಿಸುವ ದಕ್ಕೆಯಲ್ಲೇ ಅಳೆಯಲು ವಿದ್ಯುದ್ರಾಸಾಯನಿಕ ವಿಧಾನ ಒದಗುತ್ತದೆ. ಸಕ್ಕರೆ ಕಾಯಿಲೆಯವರು ಬಳಸುವ ಗ್ಲುಕೋಮೀಟರಿನಂತೆಯೇ, ಡೈಅಮೀನ್ ಆಕ್ಸಿಡೇಸ್ ಎಂಬ ಕಿಣ್ವವು ಹಿಸ್ಟಮಿನ್ ಜೊತೆ ವರ್ತಿಸುವಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ವಿದ್ಯುದ್ವಾರವು (ಎಲೆಕ್ಟ್ರೋಡ್) ವಿದ್ಯುತ್ ಪ್ರವಾಹವಾಗಿ ಅಳೆಯುತ್ತದೆ. ಕಿಣ್ವವಿಲ್ಲದೆ ಇಂಗಾಲದ ವಿದ್ಯುದ್ವಾರದ ಮೇಲೆ ಹಿಸ್ಟಮಿನ್ನನ್ನು ನೇರವಾಗಿ ಉತ್ಕರ್ಷಿಸಲು, ಅಂದರೆ ಅದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು, ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಹೆಚ್ಚು ಬೇಕು. ಆ ಮಟ್ಟದಲ್ಲಿ ಮೀನಿನಲ್ಲಿರುವ ಯೂರಿಕ್ ಆಮ್ಲ, ಟೈರೋಸಿನ್ ಮುಂತಾದವೂ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಂಕಿಯನ್ನು ಕೆಡಿಸುತ್ತವೆ. ಕಿಣ್ವವೂ ಹಿಸ್ಟಮಿನ್ನಿಗೇ ಮೀಸಲಲ್ಲ, ಪುಟ್ರೆಸಿನ್, ಕೆಡಾವರಿನ್‌ಗಳ ಮೇಲೂ ವರ್ತಿಸುತ್ತದೆ. ಅವೂ ಮೀನು ಕೆಡುವಾಗಲೇ ಹೆಚ್ಚುವುದರಿಂದ ಅಂಕಿ ಹೆಚ್ಚಾಗಿ ಕಾಣುವ ಈ ತಪ್ಪು ತಿನ್ನುವವನ ಪರವಾಗಿಯೇ ವಾಲುತ್ತದೆನ್ನಿ.

ಐರೋಪ್ಯ ಒಕ್ಕೂಟದ ನಿಯಮದಂತೆ ಒಂದು ರಾಶಿಯಿಂದ ತೆಗೆದ 9 ಮಾದರಿಗಳಲ್ಲಿ ಎರಡಕ್ಕಿಂತ ಹೆಚ್ಚು ಮಾದರಿಗಳಲ್ಲಿ ಹಿಸ್ಟಮಿನ್ ಕಿಲೋಗೆ 100 ಮಿಲಿಗ್ರಾಂ ದಾಟಬಾರದು, ಯಾವುದರಲ್ಲೂ 200 ದಾಟಬಾರದು. ಆ 100ರ ಮಟ್ಟದ ಮೀನಿನ ಸಾರವನ್ನು ನೂರು ಪಟ್ಟು ತೆಳುಗೊಳಿಸಿದರೂ ಲೀಟರಿಗೆ ಸುಮಾರು 1 ಮಿಲಿಗ್ರಾಂ ಉಳಿಯುತ್ತದೆ. ಇಷ್ಟನ್ನು ಅಳೆಯುವುದು ಈ ಉಪಕರಣಗಳಿಗೆ ಸಾಧ್ಯ. ನಿಜವಾದ ತೊಡಕು ಬೇರೆ. ಮೀನಿನ ಪ್ರೋಟೀನು ವಿದ್ಯುದ್ವಾರಕ್ಕೆ ಮೆತ್ತಿಕೊಂಡರೆ ಬೆಳಗ್ಗೆ ಸರಿ ತೋರಿಸಿದ ಯಂತ್ರ ಮಧ್ಯಾಹ್ನಕ್ಕೆ ಕಡಿಮೆ ತೋರಿಸಬಹುದು. ಆದ್ದರಿಂದ ಅದೇ ಸಾರಕ್ಕೆ ಗೊತ್ತಿರುವಷ್ಟು ಹಿಸ್ಟಮಿನ್ ಬೆರೆಸಿ ಪ್ರವಾಹ ಎಷ್ಟು ಏರಿತೆಂದು ನೋಡುವ ಕ್ರಮವನ್ನು ಬಿಡುವಂತಿಲ್ಲ.

ಮಳೆಗಾಲದ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ಮೊದಲೇ ಮೀನುಗಾರಿಕೆ ಇಲಾಖೆಯು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ನೆರವು ಪಡೆದು ಮಂಗಳೂರು ದಕ್ಕೆ ಮತ್ತು ಮಲ್ಪೆಯಲ್ಲಿ ಇಂಥ ಪರೀಕ್ಷೆಯನ್ನು ಪ್ರಾಯೋಗಿಕವಾಗಿ ಆರಂಭಿಸಬೇಕೆಂದು ಕೋರುತ್ತೇನೆ. ಇಲ್ಲಿ ಸಂಶಯ ಬಂದ ಮಾದರಿ ಮಾತ್ರ ಪ್ರಯೋಗಾಲಯಕ್ಕೆ ಹೋಗಲಿ. ಒಂದೇ ಬುಟ್ಟಿಯ ಎರಡು ಬಂಗುಡೆಗಳಲ್ಲಿ ಹಿಸ್ಟಮಿನ್ ಪ್ರಮಾಣ ಬೇರೆಬೇರೆ ಇರಬಹುದಾದ್ದರಿಂದ, ಒಂದು ಮೀನಿನ ಅಂಕಿ ಹಿಡಿದು ಇಡೀ ದೋಣಿಯ ಮೀನನ್ನು ತಿರಸ್ಕರಿಸುವ ಅಧಿಕಾರವನ್ನು ಯಾರಿಗೂ ಕೊಡಬಾರದು.

– ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕ, ಮಂಗಳೂರು