ಆ ರಾತ್ರಿ ಕೈಪಿಡಿ ಓದಿದ ಅಕ್ಕನಿಗೆ

ಮೊನ್ನೆ ವೈವಾ ಮುಗಿಯಿತು, ಪಿಎಚ್‌ಡಿ ಆಯಿತು. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಅಂದೆ. ಅಷ್ಟು ಸಾಲದು ಅನ್ನಿಸಿ ಬರೆಯಲು ಕೂತಿದ್ದೇನೆ.

ನನ್ನ ಗೈಡ್, ಇಲಾಖೆಯ ಮೇಷ್ಟ್ರುಗಳು, ಲ್ಯಾಪ್‌ಟಾಪ್ ಕೊಟ್ಟು ಕಾದ ಗೆಳತಿಯರು, ರಾಗಿ ಹಿಟ್ಟು ಹೊತ್ತು ಮಂಡ್ಯದಲ್ಲಿ ರೈಲು ಹತ್ತಿ ಬರುತ್ತಿದ್ದ ಅವ್ವ, ಎಲ್ಲರ ಋಣವೂ ನನ್ನ ಮೇಲಿದೆ. ಉಪಗ್ರಹದ ಮಾಹಿತಿಯಿಂದ ನಮ್ಮ ಕಡೆಯ ನಾಲೆ ಬಯಲಿನಲ್ಲಿ ಯಾವ ಗದ್ದೆ ಹಸಿರಾಗಿದೆ, ಯಾವುದು ಬೀಳು ಬಿದ್ದಿದೆ ಎಂದು ನಕ್ಷೆ ಮಾಡುವುದು ನನ್ನ ಸಂಶೋಧನೆ.

ಒಬ್ಬರ ಬಗ್ಗೆ ಮಾತ್ರ ನಿಧಾನವಾಗಿ ಬರೆಯಬೇಕು. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಅಕ್ಕ ಅಂತಲೇ ಕರೆಯುತ್ತೇನೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಗ್ರಂಥಾಲಯ ವಿಜ್ಞಾನ ಓದಿದವರು. ಉಪಗ್ರಹದ ಗಂಧಗಾಳಿ ಇರಲಿಲ್ಲ.

ಉಪಗ್ರಹದ ಮಾಹಿತಿ ಸಿಗುವ ನಾಸಾದ ಜಾಲತಾಣ ಅರ್ಥ್‌ಡೇಟಾದಲ್ಲಿ ಖಾತೆ ತೆರೆಯಲು ದುಡ್ಡು ಬೇಡ. ಆದರೆ ಒಳಗೆ ಹೋದ ಮೊದಲ ದಿನ, ಸಂತೆಯಲ್ಲಿ ಅವ್ವನ ಕೈ ತಪ್ಪಿದ ಮಗುವಿನ ಹಾಗೆ ನಿಂತಿದ್ದೆ. ಫೈಲುಗಳ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ಅಕ್ಕ ಇಣುಕಿ ನೋಡಿ, "ಲೈಬ್ರರಿ ಪುಸ್ತಕದ ಬೆನ್ನಿಗೆ ಅಂಟಿಸಿರೋ ನಂಬರ್ ಥರಾನೇ ಕಣೇ, ಬಿಡಿಸಿ ಓದು" ಅಂದರು. ಬಿಡಿಸಿದೆವು. ಎಂಒಡಿ13ಕ್ಯೂ1 ಅಂದರೆ ಟೆರ್ರಾ ಉಪಗ್ರಹದ ಮೋಡಿಸ್ ಉಪಕರಣ ಕೊಡುವ ಹಸಿರು ಸೂಚ್ಯಂಕ (ನೆಲದ ಮೇಲೆ ಎಷ್ಟು ಹಸಿರಿದೆ ಎನ್ನುವ ಅಂಕಿ), 250 ಮೀಟರ್ ಚೌಕಕ್ಕೊಂದು ಚುಕ್ಕಿ, 16 ದಿನಕ್ಕೊಂದು ಫೈಲು. ಎ2018241 ಅಂದರೆ 2018ರ 241ನೇ ದಿನ, ಆಗಸ್ಟ್ 29. ಎಚ್25ವಿ07 ಅಂದರೆ ಭೂಪಟದಲ್ಲಿ ನಮ್ಮ ಮಂಡ್ಯ, ಮೈಸೂರು ಬೀಳುವ ತುಂಡು. ಆಮೇಲೆ ಆ ಹೆಸರುಗಳ ಭಯ ಹೋಯಿತು.

ಪ್ರಬಂಧ ಸಲ್ಲಿಸಲು ನಾಲ್ಕು ದಿನ ಉಳಿದಿತ್ತು. ನನ್ನ ನಕ್ಷೆಯಲ್ಲಿ, ಕೆಆರ್‌ಎಸ್ ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ, ಅಂದರೆ ನಮ್ಮೂರ ಕಡೆ, 2018ರ ಆಗಸ್ಟ್ 29ರ ಆ ಫೈಲಿನ ಹದಿನಾರು ದಿನ ಬೀಳು ಬಿದ್ದಂತೆ ಕಾಣುತ್ತಿತ್ತು. ಹಾಗೇ ಬರೆದು, ಕಾರಣವನ್ನೂ ಕೊಟ್ಟಾಗಿತ್ತು. ಫೋನಿನಲ್ಲಿ ಮಾತಿಗೆ ಮಾತು ಬಂದು ಅಪ್ಪನಿಗೆ ಹೇಳಿದರೆ, "ಆ ವರ್ಸ ಕಟ್ಟೆ ತುಂಬಿತ್ತಲ್ಲವ್ವ, ನಾವು ನಾಟಿ ಹಾಕಿದ್ವಲ್ಲ" ಅಂದರು. ನನ್ನ ಕೈಕಾಲು ತಣ್ಣಗಾಯಿತು.

ರಾತ್ರಿ ಹತ್ತಕ್ಕೆ ಸರಸ್ವತಿಪುರಂನಿಂದ ಅಕ್ಕ ಸ್ಕೂಟರ್‌ನಲ್ಲಿ ನನ್ನ ರೂಮಿಗೆ ಬಂದರು. ನಕ್ಷೆ ನೋಡಲೇ ಇಲ್ಲ. "ಇದರ ಕೈಪಿಡಿ ಎಲ್ಲಿದೆ?" ಅಂದರು. ನಾನು ಅದನ್ನು ಪೂರ್ತಿ ಓದಿಯೇ ಇರಲಿಲ್ಲ. ಅವರು ಒಂದೊಂದು ಸಾಲೂ ಜೋರಾಗಿ ಓದುವುದು, "ಹಂಗಂದ್ರೆ ಏನು?" ಅಂತ ಕೇಳುವುದು, ನಾನು ಹೇಳಿದ ಮೇಲೆಯೇ ಮುಂದಕ್ಕೆ ಹೋಗುವುದು. ರಾತ್ರಿ ಎರಡು ಗಂಟೆ ಆಗಿರಬೇಕು, ಅಕ್ಕ ಕೇಳಿದರು: "ಈ ಫೈಲಲ್ಲಿ 12 ಪದರ ಇದೆ ಅಂತಿದೆ. ನೀನು ಎಷ್ಟು ತೆಗೆದು ನೋಡಿದೀಯ?"

ಒಂದೇ ಒಂದು.

ಕೊನೆಯ ಪದರದ ಕೆಲಸವೇ ಪ್ರತಿ ಚುಕ್ಕಿಯನ್ನು ಎಷ್ಟು ನಂಬಬಹುದು ಎಂದು ಹೇಳುವುದು. 0 ಇದ್ದರೆ ನಂಬು, 3 ಇದ್ದರೆ ಮೋಡ. ತೆರೆದೆ. ನಮ್ಮೂರ ಮೇಲೆಲ್ಲ 3.

ಅತ್ತುಬಿಟ್ಟೆ. ಅಪ್ಪ ಕೆಸರಲ್ಲಿ ನಿಂತು ನಾಟಿ ಹಾಕಿಸಿದ ಗದ್ದೆಯನ್ನು ಮಗಳೇ ಬೀಳು ಅಂತ ಬರೆದಿದ್ದೆ. ಮೋಡವನ್ನು ಬರ ಅಂತ ಓದಿದ್ದೆ. ಯಾರಾದರೂ ಅದನ್ನು ನಂಬಿ, ನಾಲೆ ನೀರಿನ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ? ಈಗಲೂ ನೆನೆದರೆ ಎದೆ ಹಿಂಡುತ್ತದೆ.

ಅಕ್ಕ ಸಮಾಧಾನದ ಮಾತೇನೂ ಆಡಲಿಲ್ಲ. ಬಿಳಿ ಹಾಳೆ ತೆಗೆದು ಫೈಲುಗಳನ್ನು ವರ್ಷಕ್ಕೆ 23ರಂತೆ ಪಟ್ಟಿ ಮಾಡಿದರು. ನಾನು ಒಂದೊಂದರಲ್ಲೂ ಮೋಡದ ಚುಕ್ಕಿ ತೆಗೆದುಹಾಕಿದ ಹಾಗೆ ಟಿಕ್ ಹಾಕುತ್ತಾ ಬಂದರು. ಖಾಲಿ ಉಳಿದ ಜಾಗಕ್ಕೆ ಏನು ಮಾಡಲಿ ಅಂದೆ. "ಕಾಣಲಿಲ್ಲ ಅಂತ ಬರಿ" ಅಂದರು. ಹಾಲಿನವರು ಬಂದಾಗಲೂ ಅದೇ ಚಾಪೆಯ ಮೇಲೆ ಕೂತಿದ್ದರು. ಆಮೇಲೆ ಮುಖ ತೊಳೆದುಕೊಂಡು ಸೀದಾ ಕೆಲಸಕ್ಕೆ ಹೋದರು.

ವೈವಾದಲ್ಲಿ ಪರೀಕ್ಷಕರು ಮೊದಲು ಕೇಳಿದ್ದೇ ನಕ್ಷೆಯ ಬೂದು ಬಣ್ಣದ ಬಗ್ಗೆ. ಅದು ಮೋಡ ಸರ್, ಅಲ್ಲಿ ನಮಗೆ ಕಾಣಲಿಲ್ಲ ಅಂದೆ. ಗಂಟಲು ನಡುಗಲಿಲ್ಲ.

ಅಕ್ಕ, ಭಾನುವಾರ ಮನೆಗೆ ಬರ್ತೀನಿ. ಅಪ್ಪ ಆ ಗದ್ದೆ ಅಕ್ಕಿ ಕಳಿಸಿದ್ದಾರೆ.